ಅಡಿಕೆ ಸುಲಿಯುವ ಮಿಷನಿಗೆ ಎಫ್‌ಇಎ ಸಾಫ್ಟ್‌ವೇರ್: ಲಕ್ಷಗಟ್ಟಲೆ ಕೊಟ್ಟು ತೆಗೆದುಕೊಳ್ಳಬೇಕಾ?

ಬೈಕಂಪಾಡಿ ಶೆಡ್:

ಎಲ್ಲರಿಗೂ ನಮಸ್ಕಾರ. ಬೈಕಂಪಾಡಿಯಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್. ನಾನು, ಇಬ್ಬರು ವೆಲ್ಡರ್‌ಗಳು, ಒಬ್ಬ ಫಿಟ್ಟರ್. ಅಡಿಕೆ ಸುಲಿಯುವ ಮಿಷನ್ ಮಾಡುತ್ತೇವೆ. ಪುತ್ತೂರು, ವಿಟ್ಲ, ಸುಳ್ಯ ಕಡೆ ಹೋಗುತ್ತದೆ. ಕಳೆದ ಸೀಸನ್ನಿನಲ್ಲಿ 40 ಮಿಷನ್ ಕೊಟ್ಟೆವು, 6 ವಾಪಸ್ ಬಂತು. ಆರಕ್ಕೆ ಆರೂ ಒಂದೇ ಜಾಗದಲ್ಲಿ ಬಿರುಕು. ಮೋಟಾರ್ ಕೂರುವ ಬೆಡ್ ಪ್ಲೇಟ್ ಫ್ರೇಮಿಗೆ ವೆಲ್ಡ್ ಆಗುತ್ತದಲ್ಲ, ಆ ಮೂಲೆ.

ಅಕ್ಕನ ಮಗ ಮೆಕ್ಯಾನಿಕಲ್ ಓದುತ್ತಿದ್ದಾನೆ. "ಮಾವ, ಅಂದಾಜಿನಲ್ಲಿ ದಪ್ಪ ಹಾಕುವುದು ಸಾಕು, ಎಫ್‌ಇಎ ಮಾಡಿ" ಅಂತ ಶುರು ಮಾಡಿದ. ಯಾವ ಜಾಗಕ್ಕೆ ಎಷ್ಟು ಒತ್ತಡ ಬೀಳುತ್ತದೆ ಅಂತ ಕಂಪ್ಯೂಟರಿನಲ್ಲೇ ಲೆಕ್ಕ ಹಾಕುವುದಂತೆ ಅದು. ಬೆಂಗಳೂರಿನ ಒಬ್ಬ ಡೀಲರ್ ಹತ್ತಿರ ಕೊಟೇಶನ್ ತರಿಸಿದೆ. ಮೊತ್ತ ನೋಡಿ ಕೈಯಲ್ಲಿದ್ದ ಚಾ ತಣ್ಣಗಾಯಿತು. ಅದೂ ವರ್ಷ ವರ್ಷ ಕಟ್ಟಬೇಕಂತೆ.

ನಮ್ಮ ಹತ್ತಿರ ಡ್ರಾಯಿಂಗ್ ಮಾಡುವ ಸಾಲಿಡ್‌ವರ್ಕ್ಸ್‌ನ ಸ್ಟಾಂಡರ್ಡ್ ಲೈಸೆನ್ಸ್ ಒಂದು ಉಂಟು. ಕಂಪ್ಯೂಟರಿನಲ್ಲಿ 16 ಜಿಬಿ ರ‍್ಯಾಮ್. ಯಾವ ಸಾಫ್ಟ್‌ವೇರ್ ತೆಗೆದುಕೊಂಡರೆ ಒಳ್ಳೆಯದು? ಗೊತ್ತಿದ್ದವರು ಹೇಳಿ ಮಾರಾಯ್ರೆ.

ಅಂಬಲಪಾಡಿ ಅನಾಲಿಸ್ಟ್:

ನಾನು ಬೆಂಗಳೂರಿನ ಕಂಪನಿಗೆ ಉಡುಪಿಯ ಮನೆಯಿಂದಲೇ ಕೆಲಸ ಮಾಡುವವನು. 11 ವರ್ಷದಿಂದ ಇದೇ ಉದ್ಯೋಗ. ನೇರವಾಗಿ ಹೇಳುತ್ತೇನೆ.

ಆನ್ಸಿಸ್, ಅಬಾಕಸ್, ನ್ಯಾಸ್ಟ್ರಾನ್ ಮೂರೂ ಒಳ್ಳೆಯವೇ. ನ್ಯಾಸ್ಟ್ರಾನ್ 1960ರ ದಶಕದಲ್ಲಿ ನಾಸಾಕ್ಕಾಗಿ ಹುಟ್ಟಿದ್ದು. ಆನ್ಸಿಸ್ 1970ರದ್ದು, ಅಬಾಕಸ್ 1978ರದ್ದು. ವಿಮಾನ, ಕಾರು, ರಿಯಾಕ್ಟರ್ ಎಲ್ಲ ನೋಡಿದ ಸಾಫ್ಟ್‌ವೇರ್‌ಗಳು. ರಬ್ಬರ್ ಸೀಲ್ ಹಿಂಡುವುದು, ಶೀಟ್ ಮೆಟಲ್ ಒತ್ತುವುದು, ಹತ್ತಾರು ಭಾಗ ಒಂದಕ್ಕೊಂದು ಉಜ್ಜುವುದು, ಇಂಥ ಕೆಲಸಕ್ಕೆ ಅಬಾಕಸ್ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಕಾರು ಗುದ್ದುವ ಲೆಕ್ಕಕ್ಕೆ ಎಲ್‌ಎಸ್-ಡೈನಾ. ಒಂದು ಮೋಟಾರ್ ಬೆಡ್ಡಿಗೆ ಇದೆಲ್ಲ ಜಾಸ್ತಿಯಾಯಿತು.

ಸಾಲಿಡ್‌ವರ್ಕ್ಸ್ ಇದ್ದರೆ ಅದರೊಳಗೇ ಸಿಮ್ಯುಲೇಶನ್‌ಎಕ್ಸ್‌ಪ್ರೆಸ್ ಅಂತ ಒಂದು ಬರುತ್ತದೆ. ಆದರೆ ಅದು ಒಂದೇ ಬಿಡಿಭಾಗ ನೋಡುತ್ತದೆ, ಅಸೆಂಬ್ಲಿ (ಹಲವು ಭಾಗ ಜೋಡಿಸಿದ್ದು) ಆಗುವುದಿಲ್ಲ. ಪ್ರೀಮಿಯಂ ತೆಗೆದುಕೊಂಡರೆ ಅಸೆಂಬ್ಲಿಗೆ ಸ್ಟ್ಯಾಟಿಕ್ (ನಿಂತ ಭಾರದ) ಲೆಕ್ಕ ಸಿಗುತ್ತದೆ. ಅದರಲ್ಲೂ ಫ್ರೀಕ್ವೆನ್ಸಿ (ಕಂಪನದ) ಲೆಕ್ಕ ಇಲ್ಲ, ಅದಕ್ಕೆ ಸಿಮ್ಯುಲೇಶನ್ ಪ್ರೊಫೆಶನಲ್ ಬೇಕು. ಡೀಲರ್‌ಗಳು ಈ ವ್ಯತ್ಯಾಸವನ್ನು ಕೊನೆಗೆ ಹೇಳುತ್ತಾರೆ. ನೀವು ಮೊದಲೇ ಕೇಳಿ.

ಇನ್ನೊಂದು ಮಾತು. ಈ ಕಂಪನಿಗಳು ಕೈ ಬದಲಾಗುತ್ತಾ ಇವೆ. 2025ರಲ್ಲಿ ಆನ್ಸಿಸ್ ಸಿನಾಪ್ಸಿಸ್ ಪಾಲಾಯಿತು, ಎಫ್‌ಇಎ ಮಾಡೆಲ್ ತಯಾರಿಸುವ ಹೈಪರ್‌ಮೆಷ್ ಸಾಫ್ಟ್‌ವೇರ್ ಮಾಡುವ ಆಲ್ಟೇರ್ ಸೀಮೆನ್ಸ್ ಪಾಲಾಯಿತು. ಇವತ್ತಿನ ಪ್ಯಾಕೇಜು ಮೂರು ವರ್ಷದ ನಂತರವೂ ಹೀಗೇ ಇರುತ್ತದೆ ಅಂತ ನಂಬಿ ಬಂಡವಾಳ ಹಾಕಬೇಡಿ.

ಕೂಳೂರು ಸೇತುವೆ:

ಇಷ್ಟೆಲ್ಲ ಯಾಕೆ, ಕ್ರ್ಯಾಕ್ ವರ್ಶನ್ ಸಿಗುತ್ತದಲ್ವಾ? ಪೆನ್‌ಡ್ರೈವ್‌ನಲ್ಲಿ ತಂದು ಕೊಡುವವರು ಇದ್ದಾರೆ.

ಅಂಬಲಪಾಡಿ ಅನಾಲಿಸ್ಟ್:

ದಯವಿಟ್ಟು ಬೇಡ. ನನಗೆ ಗೊತ್ತಿರುವ ಒಂದು ಸಣ್ಣ ಕಂಪನಿಗೆ ವಕೀಲರ ನೋಟಿಸ್ ಬಂತು. ಸಾಫ್ಟ್‌ವೇರ್ ಇಂಟರ್‌ನೆಟ್ಟಿಗೆ ಸಿಕ್ಕಿದ ಕೂಡಲೇ ಎಲ್ಲಿ ಓಡುತ್ತಿದೆ ಅಂತ ಮಾಲೀಕರಿಗೆ ಗೊತ್ತಾಗುತ್ತದೆ. ಕೊನೆಗೆ ಲೈಸೆನ್ಸ್ ದುಡ್ಡಿಗಿಂತ ಜಾಸ್ತಿ ಕಟ್ಟಿದರು. ಬೈಕಂಪಾಡಿಯವರು ಜಿಎಸ್‌ಟಿ ಇರುವ ಶೆಡ್ ಇಟ್ಟುಕೊಂಡವರು, ಈ ತಲೆಬಿಸಿ ಯಾಕೆ?

ಮಲ್ಪೆ ವೆಲ್ಡರ್:

ನಾನು ಬೋಟಿನ ವಿಂಚ್ ಮಾಡುವವ. ಈ ಎಫ್‌ಇಎ ಅಂದರೆ ಎಂತ ಅಂತ ಸರಿ ಗೊತ್ತಿಲ್ಲ. ಮೂಲೆಯಲ್ಲಿ ಬಿರುಕು ಬಂದರೆ ಗಸೆಟ್ (ಮೂಲೆಗೆ ಆಧಾರ ಕೊಡುವ ತ್ರಿಕೋನ ಪ್ಲೇಟ್) ಹಾಕಿ, ಮುಗಿಯಿತು. 6 ಎಂಎಂ ಇದ್ದದ್ದು 8 ಮಾಡಿ. ಇದಕ್ಕೆ ಕಂಪ್ಯೂಟರ್ ಬೇಕಾ?

ಸುರತ್ಕಲ್ ನಿವೃತ್ತ ಮಾಸ್ಟ್ರು:

ಮಲ್ಪೆಯವರೇ, ನಿಮ್ಮ ಗಸೆಟ್ ನೂರಕ್ಕೆ 70 ಸಲ ಕೆಲಸ ಮಾಡುತ್ತದೆ. ಉಳಿದ 30 ಸಲ ಬಿರುಕು ಮಾಯ ಆಗುವುದಿಲ್ಲ, ಗಸೆಟ್ ಮುಗಿಯುವ ತುದಿಗೆ ಹೋಗಿ ಕೂರುತ್ತದೆ. ಈ 70, 30 ಅಂಕಿ ನನ್ನ ಅನುಭವದ ಅಂದಾಜು, ಲೆಕ್ಕ ಕೇಳಬೇಡಿ.

ಎಫ್‌ಇಎ ಅಂದರೆ ದೊಡ್ಡ ಮಂತ್ರ ಏನಲ್ಲ. ಬೆಡ್ ಪ್ಲೇಟನ್ನು ಕಂಪ್ಯೂಟರಿನಲ್ಲಿ ಸಾವಿರಾರು ಸಣ್ಣ ತುಂಡುಗಳಾಗಿ ಕತ್ತರಿಸುತ್ತೇವೆ. ಒಂದೊಂದು ತುಂಡೂ ಒಂದೊಂದು ಸ್ಪ್ರಿಂಗ್ ಅಂದುಕೊಳ್ಳಿ. ಎಲ್ಲ ಸ್ಪ್ರಿಂಗ್‌ಗಳನ್ನೂ ಜೋಡಿಸಿ, ಇಲ್ಲಿ ಹಿಡಿದಿದ್ದೇವೆ, ಅಲ್ಲಿ ಇಷ್ಟು ಭಾರ ಬಿತ್ತು ಅಂದರೆ ಯಾವ ತುಂಡು ಎಷ್ಟು ಎಳೆಯುತ್ತದೆ ಅಂತ ಅದು ಲೆಕ್ಕ ಹಾಕಿ ಹೇಳುತ್ತದೆ. ಎಲ್ಲಿ ಹಿಡಿದಿದ್ದೇವೆ, ಎಷ್ಟು ಭಾರ, ಈ ಎರಡನ್ನು ಹೇಳಬೇಕಾದವರು ನಾವು. ಅದು ತಪ್ಪಾದರೆ ಕೋಟಿ ರೂಪಾಯಿಯ ಸಾಫ್ಟ್‌ವೇರೂ ಚಂದದ ಬಣ್ಣದಲ್ಲಿ ತಪ್ಪು ಉತ್ತರವನ್ನೇ ಕೊಡುತ್ತದೆ.

ಬೈಕಂಪಾಡಿಯವರಿಗೆ ನನ್ನ ಪ್ರಶ್ನೆ ಬೇರೆ. ಮೋಟಾರಿನ ತೂಕ ಎಷ್ಟು? ಎಷ್ಟು ಆರ್‌ಪಿಎಂ? ಬೆಡ್ ಪ್ಲೇಟ್ ಒಂದೇ ಬದಿಗೆ ವೆಲ್ಡ್ ಆಗಿ ಇನ್ನೊಂದು ಬದಿ ಗಾಳಿಯಲ್ಲಿ ಉಂಟಾ? ಬಿರುಕು ಎಷ್ಟು ದಿನ ಓಡಿದ ಮೇಲೆ ಬಂತು? ಇದು ಗೊತ್ತಾಗದೆ ಸಾಫ್ಟ್‌ವೇರ್ ಹೆಸರು ಹೇಳುವುದು ಜ್ವರ ನೋಡದೆ ಮಾತ್ರೆ ಕೊಟ್ಟ ಹಾಗೆ.

ಬೈಕಂಪಾಡಿ ಶೆಡ್:

ಮಾಸ್ಟ್ರೆ, ಮೋಟಾರ್ 22 ಕೆಜಿ. ಸಿಂಗಲ್ ಫೇಸ್, 1440 ಆರ್‌ಪಿಎಂ. ಹೌದು, ಬೆಡ್ಡಿಗೆ ಒಂದೇ ಬದಿ ವೆಲ್ಡ್. ಬೆಲ್ಟ್ ಎಳೆದು ಬಿಗಿ ಮಾಡಲು ಇನ್ನೊಂದು ಬದಿ ಖಾಲಿ ಬಿಟ್ಟಿದ್ದೇವೆ. ಪ್ಲೇಟ್ 6 ಎಂಎಂ. ಬಿರುಕು ಕೆಲವರಿಗೆ ಎರಡು ವಾರಕ್ಕೆ, ಕೆಲವರಿಗೆ ಸೀಸನ್ ಮುಗಿಯುವಾಗ. 34 ಮಿಷನಿಗೆ ಬರಲೇ ಇಲ್ಲ. ಅದೇ ನನಗೆ ಅರ್ಥ ಆಗದ್ದು.

ನಿಟ್ಟೆ ಹಾಸ್ಟೆಲ್:

ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಾವು ಕಾಲೇಜಿನಲ್ಲಿ ಆನ್ಸಿಸ್ ಸ್ಟೂಡೆಂಟ್ ಬಳಸುತ್ತೇವೆ, ಅದು ಪುಕ್ಕಟೆ. ಅಣ್ಣ ಅದನ್ನೇ ಹಾಕಿಕೊಳ್ಳಬಹುದಲ್ವಾ?

ಅಂಬಲಪಾಡಿ ಅನಾಲಿಸ್ಟ್:

ಅದು ಕಲಿಯುವವರಿಗೆ ಮಾತ್ರ. ಮಾರುವ ಮಿಷನಿನ ಡಿಸೈನಿಗೆ ಬಳಸುವ ಹಾಗಿಲ್ಲ. 1,28,000 ನೋಡ್‌ಗಳ (ಮಾಡೆಲಿನ ತುಂಡುಗಳು ಸೇರುವ ಬಿಂದುಗಳ) ಮಿತಿಯೂ ಉಂಟು. ಕಾಲೇಜಿನ ಲ್ಯಾಬ್ ಲೈಸೆನ್ಸಿನ ಕಥೆಯೂ ಅದೇ. ಫ್ಯೂಷನ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರಿನ ಪುಕ್ಕಟೆ ಪರ್ಸನಲ್ ಆವೃತ್ತಿ ಅಂತ ಯಾರಾದರೂ ಹೇಳಿದರೆ, ಅದರಲ್ಲಿ ಸಿಮ್ಯುಲೇಶನ್ನೇ ಇಲ್ಲ.

ಸುರತ್ಕಲ್ ನಿವೃತ್ತ ಮಾಸ್ಟ್ರು:

ವ್ಯಾಪಾರಕ್ಕೂ ಪುಕ್ಕಟೆಯಾಗಿ ಬಳಸಬಹುದಾದದ್ದು ಬೇಕಾದರೆ ಕ್ಯಾಲ್ಕ್ಯುಲಿಕ್ಸ್ ಉಂಟು. ಜರ್ಮನಿಯ ವಿಮಾನ ಇಂಜಿನ್ ಕಂಪನಿ ಎಂಟಿಯುನಲ್ಲಿ ಕೆಲಸ ಮಾಡುವ ಇಂಜಿನಿಯರ್‌ಗಳು ಬರೆದದ್ದು. ಸಾಲ್ವರ್, ಅಂದರೆ ಲೆಕ್ಕ ಬಿಡಿಸುವ ಭಾಗ, ಗಟ್ಟಿ. ಇನ್‌ಪುಟ್ ಫೈಲ್ ಹೆಚ್ಚು ಕಡಿಮೆ ಅಬಾಕಸ್ ಶೈಲಿಯದ್ದೇ. ಹಾಗಾಗಿ ಇದರಲ್ಲಿ ಕಲಿತದ್ದು ನಾಳೆ ಅಲ್ಲಿ ವ್ಯರ್ಥ ಆಗುವುದಿಲ್ಲ. ಅದಕ್ಕೆ ಮುಖ ಬೇಕಲ್ಲ, ಮೌಸಿನಲ್ಲಿ ಒತ್ತಲು. ವಿಂಡೋಸಿನಲ್ಲಾದರೆ ಪ್ರೀಪೋಮ್ಯಾಕ್ಸ್, ಸ್ಲೊವೇನಿಯಾದ ಮಾರಿಬೋರ್ ವಿಶ್ವವಿದ್ಯಾಲಯದ್ದು. ಸಾಲಿಡ್‌ವರ್ಕ್ಸ್‌ನಿಂದ ಸ್ಟೆಪ್ ಫೈಲ್ (ಬೇರೆ ಸಾಫ್ಟ್‌ವೇರೂ ಓದುವ ಡ್ರಾಯಿಂಗ್ ಫೈಲ್) ತೆಗೆದು ಅದಕ್ಕೆ ಕೊಡಿ. ಫ್ರೀಕ್ಯಾಡ್ ಒಳಗಿನ ಫೆಮ್ ವರ್ಕ್‌ಬೆಂಚೂ ಇದೇ ಸಾಲ್ವರನ್ನು ಓಡಿಸುತ್ತದೆ. ಫ್ರಾನ್ಸಿನ ವಿದ್ಯುತ್ ಕಂಪನಿ ಇಡಿಎಫ್‌ನ ಕೋಡ್ ಆಸ್ಟರ್ ಇನ್ನೂ ದೊಡ್ಡದು. ಆದರೆ ಶೆಡ್ಡಿನವರಿಗೆ ಅದನ್ನು ಹೇಳಿದರೆ ನನಗೆ ಬೈಗುಳ ಗ್ಯಾರಂಟಿ.

ಅಂಬಲಪಾಡಿ ಅನಾಲಿಸ್ಟ್:

ಮಾಸ್ಟ್ರೆ, ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಪುಕ್ಕಟೆ ಸಾಫ್ಟ್‌ವೇರ್ ರಾತ್ರಿ 11 ಗಂಟೆಗೆ ಕೈಕೊಟ್ಟರೆ ಫೋನ್ ಎತ್ತುವವರು ಯಾರೂ ಇಲ್ಲ. ದೊಡ್ಡ ಕಂಪನಿಗೆ ಬಿಡಿಭಾಗ ಸಪ್ಲೈ ಮಾಡುವುದಾದರೆ ಇಂಥದ್ದೇ ಸಾಫ್ಟ್‌ವೇರಿನ ರಿಪೋರ್ಟ್ ಬೇಕು ಅಂತ ಅವರೇ ಹೇಳುತ್ತಾರೆ. ಇವರ ದಿನದ ಕೆಲಸ ಬಿಟ್ಟು ಎರಡು ತಿಂಗಳು ಕಲಿತರೆ ಆ ಎರಡು ತಿಂಗಳಿಗೂ ಬೆಲೆ ಉಂಟಲ್ಲ? ವರ್ಷಕ್ಕೆ ಎರಡು ಮೂರು ಲೆಕ್ಕ ಮಾತ್ರ ಇದ್ದರೆ ಹೊರಗೆ ಒಬ್ಬರಿಗೆ ಕೊಟ್ಟು ಮಾಡಿಸುವುದೇ ಕಡಿಮೆಗೆ ಆಗುತ್ತದೆ. ಇದು ನನ್ನ ಹೊಟ್ಟೆಪಾಡಿನ ಮಾತಲ್ಲ, ನಾನು ಹೊರಗಿನ ಕೆಲಸ ತೆಗೆದುಕೊಳ್ಳುವುದಿಲ್ಲ.

ಸುರತ್ಕಲ್ ನಿವೃತ್ತ ಮಾಸ್ಟ್ರು:

ಅದು ಸರಿ. ಆದರೆ ಮನೆಯಲ್ಲೇ ಓದುವ ಅಳಿಯ ಇದ್ದಾನಲ್ಲ, ಅವನ ಎರಡು ತಿಂಗಳ ರಜೆಗೆ ಬೆಲೆ ಕಟ್ಟಬೇಡಿ.

ಬೈಕಂಪಾಡಿ ಶೆಡ್ (4 ದಿನದ ನಂತರ):

ಪ್ರೀಪೋಮ್ಯಾಕ್ಸ್ ಹಾಕಿದೆವು. ಅಳಿಯ ಕೂತು ಮಾಡಿದ. ಬೆಡ್ ಪ್ಲೇಟಿಗೆ ಮೋಟಾರಿನ ಭಾರ, ಬೆಲ್ಟಿನ ಎಳೆತ ಹಾಕಿದ. ಅತಿ ಹೆಚ್ಚು ಒತ್ತಡ 31 ಮೆಗಾಪ್ಯಾಸ್ಕಲ್ ಬಂತು. ನಾವು ತರುವುದು ಇ250 ಗ್ರೇಡ್ ಪ್ಲೇಟ್, ಬಗ್ಗಲು ಶುರುವಾಗುವುದೇ 250ಕ್ಕೆ. ಅಂದರೆ 8 ಪಟ್ಟು ಭದ್ರ! ಹಾಗಾದರೆ ಬಿರುಕು ಯಾಕೆ ಮಾರಾಯ್ರೆ?

ಇನ್ನೊಂದು ವಿಚಿತ್ರ. ಮೆಷ್, ಅಂದರೆ ಆ ಕತ್ತರಿಸಿದ ತುಂಡುಗಳನ್ನು, ಸಣ್ಣದು ಮಾಡಿದಷ್ಟೂ ಒತ್ತಡ ಏರುತ್ತಾ ಹೋಯಿತು. 6 ಎಂಎಂಗೆ 31, 3 ಎಂಎಂಗೆ 43, ಒಂದೂವರೆಗೆ 60. ಯಾವುದನ್ನು ನಂಬುವುದು? ಅಳಿಯ ಸಾಫ್ಟ್‌ವೇರೇ ಸರಿ ಇಲ್ಲ ಅಂತಾನೆ.

ಅಂಬಲಪಾಡಿ ಅನಾಲಿಸ್ಟ್:

ಸಾಫ್ಟ್‌ವೇರ್ ಸರಿ ಉಂಟು. ಒಳಮೂಲೆ ಚೂಪಾಗಿ ಬಿಟ್ಟರೆ ಲೆಕ್ಕದ ಪ್ರಕಾರ ಅಲ್ಲಿ ಒತ್ತಡಕ್ಕೆ ಮಿತಿಯೇ ಇಲ್ಲ. ಮೆಷ್ ಸಣ್ಣದಾದಷ್ಟೂ ಏರುತ್ತಲೇ ಹೋಗುತ್ತದೆ, ನಿಲ್ಲುವುದೇ ಇಲ್ಲ. ಆನ್ಸಿಸ್‌ಗೆ ಲಕ್ಷ ಕೊಟ್ಟರೂ ಇದೇ ಆಗುತ್ತದೆ. ವೆಲ್ಡಿಗೆ ನಾವು ಆ ತುದಿಯ ಅಂಕಿಯನ್ನು ಓದುವುದೇ ಇಲ್ಲ. ಸ್ವಲ್ಪ ಈಚೆ ಬಂದು, ಪ್ಲೇಟ್ ದಪ್ಪದ 0.4 ಪಟ್ಟು ದೂರದಲ್ಲಿ ಒಂದು, ಒಂದು ಪಟ್ಟು ದೂರದಲ್ಲಿ ಇನ್ನೊಂದು ಓದುತ್ತೇವೆ. ನಿಮ್ಮ 6 ಎಂಎಂಗೆ ಅದು 2.4 ಮತ್ತು 6 ಎಂಎಂ. ಆ ಎರಡರಿಂದ ಗೆರೆ ಎಳೆದು ವೆಲ್ಡ್ ಅಂಚಿನ ಒತ್ತಡ ಅಂದಾಜು ಮಾಡುತ್ತೇವೆ. ಹಾಟ್ ಸ್ಪಾಟ್ ವಿಧಾನ ಅನ್ನುತ್ತಾರೆ.

ಆಮೇಲೆ ಎಲಿಮೆಂಟ್, ಅಂದರೆ ಮೆಷ್‌ನ ಒಂದೊಂದು ತುಂಡು, ಸೆಕೆಂಡ್ ಆರ್ಡರ್ (ಅಂಚಿನ ನಡುವೆಯೂ ನೋಡ್ ಇರುವುದು) ಇದೆಯಾ ನೋಡಿ. 4 ನೋಡಿನ ಟೆಟ್ರಾ (ನಾಲ್ಕು ಮುಖದ ತುಂಡು) ಹಾಕಿದರೆ ಪ್ಲೇಟ್ ನಿಜಕ್ಕಿಂತ ಗಡುಸಾಗಿ ಕಾಣುತ್ತದೆ. 10 ನೋಡಿನದ್ದು ಹಾಕಿ. ತೆಳು ಪ್ಲೇಟಿಗೆ ಶೆಲ್ ಎಲಿಮೆಂಟ್ (ಹಾಳೆಯ ಹಾಗಿನ ತುಂಡು) ಇನ್ನೂ ಒಳ್ಳೆಯದು.

ಸುರತ್ಕಲ್ ನಿವೃತ್ತ ಮಾಸ್ಟ್ರು:

ಅಳಿಯನಿಗೆ ಒಂದು ಮನೆಕೆಲಸ. ನಡುವೆ ಸಣ್ಣ ತೂತಿರುವ ಅಗಲವಾದ ಪ್ಲೇಟನ್ನು ಎರಡೂ ಬದಿ ಎಳೆಯಲಿ. ತೂತಿನ ಅಂಚಿನಲ್ಲಿ ಒತ್ತಡ 3 ಪಟ್ಟು ಆಗಬೇಕು. ಕಿರ್ಷ್ 1898ರಲ್ಲೇ ಕೈಲೆಕ್ಕದಲ್ಲಿ ತೋರಿಸಿದ್ದು. ಅದು ಬಂದರೆ ಎಫ್‌ಇಎ ಮಾಡುವವರ ಸಂಸ್ಥೆ ನಾಫೆಮ್ಸ್‌ನ ಎಲ್‌ಇ1 ಪರೀಕ್ಷೆ ಮಾಡಲಿ, 92.7 ಮೆಗಾಪ್ಯಾಸ್ಕಲ್ ಬರಬೇಕು. ಯಾವ ಸಾಫ್ಟ್‌ವೇರ್ ತಂದರೂ ಮೊದಲ ದಿನ ಉತ್ತರ ಗೊತ್ತಿರುವ ಲೆಕ್ಕ ಕೊಟ್ಟು ನೋಡಬೇಕು. ಹೊಸ ತಕ್ಕಡಿಗೆ ಗೊತ್ತಿರುವ ಬಟ್ಟು ಇಡುವುದಿಲ್ಲವಾ, ಹಾಗೆ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. 31ಕ್ಕೆ ಯಾಕೆ ಬಿರುಕು? ನೀವು ನಿಂತ ಮೋಟಾರಿನ ಲೆಕ್ಕ ಮಾಡಿದ್ದೀರಿ. ಬಿರುಕು ಬಂದದ್ದು ತಿರುಗುವ ಮೋಟಾರಿನಿಂದ. 1440 ಆರ್‌ಪಿಎಂ ಅಂದರೆ ಸೆಕೆಂಡಿಗೆ 24 ಸಲ, 24 ಹರ್ಟ್ಜ್. ಗಂಟೆಗೆ 86,400 ಸಲ ಬೆಡ್ ನಡುಗುತ್ತದೆ. ವೆಲ್ಡಿನ ಆಯಸ್ಸನ್ನು 20 ಲಕ್ಷ ಆವರ್ತಗಳ ಲೆಕ್ಕದಲ್ಲಿ ಹೇಳುತ್ತಾರೆ. ನಿಮ್ಮ ಮಿಷನ್ 23 ಗಂಟೆ ಓಡಿದರೆ 20 ಲಕ್ಷ ಆಗಿಹೋಯಿತು. ಮೂರು ದಿನದ ಕೆಲಸ. ಮತ್ತೆ, ವೆಲ್ಡಿನ ಬಳಲಿಕೆಗೆ (ಮತ್ತೆ ಮತ್ತೆ ನಡುಗಿ ಬಿರುಕು ಬಿಡುವುದಕ್ಕೆ) ಗಟ್ಟಿ ಗ್ರೇಡಿನ ಉಕ್ಕು ತಂದರೂ ಪ್ರಯೋಜನ ಇಲ್ಲ, ಅದು ವೆಲ್ಡಿನ ಆಕಾರದ ಮೇಲೆ ಹೋಗುತ್ತದೆ.

ಈಗ ಕಂಪ್ಯೂಟರ್ ಬಿಡಿ. ಡಯಲ್ ಗೇಜ್ (ಸಣ್ಣ ಅಲುಗಾಟ ಅಳೆಯುವ ಗಡಿಯಾರದಂಥ ಮಾಪಕ) ಉಂಟಾ? ಸ್ಟಾಂಡನ್ನು ನೆಲದ ಮೇಲೆ ಇಟ್ಟು, ಮೋಟಾರ್ ಇಲ್ಲದ ಬೆಡ್ಡಿನ ಅಡಿಗೆ ಮುಟ್ಟಿಸಿ ಸೊನ್ನೆ ಮಾಡಿ. ಆಮೇಲೆ ಮೋಟಾರ್ ಕೂರಿಸಿ. ಎಷ್ಟು ಇಳಿಯಿತು ಅಂತ ಇಲ್ಲಿ ಬರೆಯಿರಿ. ಆ ಮಿ.ಮೀ. ಅಂಕಿಯ ವರ್ಗಮೂಲದಿಂದ 15.8ನ್ನು ಭಾಗಿಸಿದರೆ ಬೆಡ್ಡಿನ ಸ್ವಂತ ಕಂಪನ, ಹರ್ಟ್ಜ್ ಲೆಕ್ಕದಲ್ಲಿ.

ಮಲ್ಪೆ ವೆಲ್ಡರ್:

ಇದು ನನಗೆ ಅರ್ಥ ಆಗುವ ಎಫ್‌ಇಎ.

ಬೈಕಂಪಾಡಿ ಶೆಡ್:

ಮೂರು ಸಲ ಅಳೆದೆ ಮಾಸ್ಟ್ರೆ. 0.36, 0.38, 0.37. ಭಾಗಿಸಿದರೆ ಸುಮಾರು 26 ಬಂತು. ಮೋಟಾರ್ 24. ಹತ್ತಿರ ಹತ್ತಿರ ಉಂಟಲ್ಲ?

ಸುರತ್ಕಲ್ ನಿವೃತ್ತ ಮಾಸ್ಟ್ರು:

ಹತ್ತಿರ ಅಲ್ಲ, ಮನೆಯೊಳಗೇ ಬಂದಿದೆ. ಉಯ್ಯಾಲೆಯನ್ನು ಅದರ ತಾಳಕ್ಕೇ ದೂಡಿದ ಹಾಗೆ. ನಡುಕ ತಡೆಯುವ ಗುಣ ಕಡಿಮೆ ಇರುವ ವೆಲ್ಡ್ ಫ್ರೇಮಿನಲ್ಲಿ 24ರ ದೂಡುವಿಕೆ 26ರ ಬೆಡ್ಡಿಗೆ ಬಿದ್ದರೆ ನಡುಕ ಆರೂವರೆ ಪಟ್ಟು ಆಗುತ್ತದೆ. ಇನ್ನೂ ಹತ್ತಿರ ಹೋದರೆ 25 ಪಟ್ಟೂ ಆದೀತು. 34 ಮಿಷನ್ ಬಚಾವಾದದ್ದೂ ಇದರಿಂದಲೇ ಅಂತ ನನ್ನ ಊಹೆ. ಒಂದೊಂದು ಬೆಡ್ ಒಂದೊಂದು ರೀತಿ ವೆಲ್ಡ್ ಆಗಿರುತ್ತದೆ. ಕೆಲವು 30ರಲ್ಲಿ, ಕೆಲವು 25ರಲ್ಲಿ. ಪುಲ್ಲಿಯ ಬ್ಯಾಲೆನ್ಸೂ ಎಲ್ಲದರದ್ದು ಒಂದೇ ಇರುವುದಿಲ್ಲ.

ಈಗ ಸಾಫ್ಟ್‌ವೇರಿಗೆ ಹೋಗಿ. ಸ್ಟ್ಯಾಟಿಕ್ ಬೇಡ, ಫ್ರೀಕ್ವೆನ್ಸಿ ಸ್ಟೆಪ್ ಹಾಕಿ. ಮೋಟಾರನ್ನು ಒಂದು ಪಾಯಿಂಟ್ ಮಾಸ್ (ಒಂದೇ ಬಿಂದುವಿನ ತೂಕ) ಆಗಿ ಕೊಟ್ಟರೆ ಸಾಕು, ಅದರ ವೈಂಡಿಂಗ್ ಎಲ್ಲ ಬಿಡಿಸಬೇಡಿ.

ಬೈಕಂಪಾಡಿ ಶೆಡ್:

ಅಳಿಯನೇ ಟೈಪ್ ಮಾಡುತ್ತಿದ್ದಾನೆ, ಮಾವ ಊಟಕ್ಕೆ ಹೋಗಿದ್ದಾರೆ. ಸರ್, ಮೊದಲನೆಯ ಫ್ರೀಕ್ವೆನ್ಸಿ 1.08 ಹರ್ಟ್ಜ್ ಬಂತು. 26 ಎಲ್ಲಿ, 1 ಎಲ್ಲಿ?

ಅಂಬಲಪಾಡಿ ಅನಾಲಿಸ್ಟ್:

ಯೂನಿಟ್ ಯಾವುದು ಆರಿಸಿದ್ದು? ಮಿ.ಮೀ., ಟನ್, ಸೆಕೆಂಡ್ ಆದರೆ ಉಕ್ಕಿನ ಸಾಂದ್ರತೆ 7.85 ಇ ಮೈನಸ್ 9. ಮೋಟಾರಿಗೆ ಎಷ್ಟು ಹಾಕಿದಿರಿ?

ಬೈಕಂಪಾಡಿ ಶೆಡ್:

ಸಾಂದ್ರತೆ ಸರಿ ಉಂಟು. ಮೋಟಾರಿಗೆ 22. ಅಯ್ಯೋ. 22 ಟನ್!

ಮಲ್ಪೆ ವೆಲ್ಡರ್:

22 ಟನ್ನಿನ ಮೋಟಾರ್ ಇದ್ದರೆ ನನ್ನ ಬೋಟಿಗೆ ಕೊಡಿ ಮಗ. ಇಡೀ ಅರಬ್ಬಿ ಸಮುದ್ರ ಎಳೆಯಬಹುದು.

ಬೈಕಂಪಾಡಿ ಶೆಡ್:

0.022 ಮಾಡಿದೆ. 34 ಬಂತು. ಆದರೂ 26 ಆಗಲಿಲ್ಲ.

ಅಂಬಲಪಾಡಿ ಅನಾಲಿಸ್ಟ್:

ಬೆಡ್ ಪ್ಲೇಟ್ ಮಾತ್ರ ತೆಗೆದುಕೊಂಡು ವೆಲ್ಡ್ ಅಂಚನ್ನು ಪೂರ್ತಿ ಫಿಕ್ಸ್ ಮಾಡಿದ್ದೀಯಲ್ವಾ? ನಿಜದಲ್ಲಿ ಅದು ಗೋಡೆಗೆ ಅಂಟಿಲ್ಲ, ಆಂಗಲ್ ಫ್ರೇಮಿಗೆ ಅಂಟಿದೆ. ಫ್ರೇಮೂ ಬಗ್ಗುತ್ತದೆ. ಅದನ್ನೂ ಸೇರಿಸಿ, ಕಾಲಿನ ಬೋಲ್ಟ್ ಹತ್ತಿರ ಮಾತ್ರ ಹಿಡಿ. ಹೊಸಬರು ಎಡವುವುದು ಇಲ್ಲೇ. ಹಳಬರೂ.

ಬೈಕಂಪಾಡಿ ಶೆಡ್ (ಮರುದಿನ):

ಮಾವನೇ ಬರೆಯುವುದು. ಫ್ರೇಮ್ ಸೇರಿಸಿದ ಮೇಲೆ 27 ಬಂತು. ಅಳಿಯ ಇನ್ನೂ ಒಂದು ಮಾಡಿದ. ಫೋನಿನಲ್ಲಿ ಫೈಫಾಕ್ಸ್ ಅಂತ ಆ್ಯಪ್ ಉಂಟಂತೆ, ಜರ್ಮನಿಯ ಆಕನ್ ವಿಶ್ವವಿದ್ಯಾಲಯದ್ದು. ಫೋನನ್ನು ಬೆಡ್ಡಿಗೆ ಟೇಪ್ ಹಾಕಿ ಅಂಟಿಸಿ ಮರದ ಸುತ್ತಿಗೆಯಲ್ಲಿ ಒಂದು ತಟ್ಟಿದ. ಗ್ರಾಫಿನಲ್ಲಿ 26ರ ಹತ್ತಿರ ಒಂದೇ ಒಂದು ಗೋಪುರ ಎದ್ದಿತು. ವಾಪಸ್ ಬಂದ ಆರರಲ್ಲಿ ಬಿರುಕು ವೆಲ್ಡ್ ಮಾಡಿ ಇಟ್ಟಿದ್ದ ಎರಡಕ್ಕೂ ತಟ್ಟಿದೆವು. 25, ಮತ್ತೆ 26.

ಮಲ್ಪೆಯವರೇ, ಈಗ ನಿಮ್ಮ ಗಸೆಟ್ ಎಲ್ಲಿ ಹಾಕುವುದು ಅಂತ ಹೇಳಿ.

ಮಲ್ಪೆ ವೆಲ್ಡರ್:

ನಾನಾದರೆ ಬೆಡ್ಡಿನ ಅಡಿಗೆ ಎರಡು ರಿಬ್ (ನಿಲ್ಲಿಸಿ ವೆಲ್ಡ್ ಮಾಡುವ ಪಟ್ಟಿ) ಕೊಡುತ್ತೇನೆ, ಫ್ರೇಮಿನಿಂದ ತುದಿಯವರೆಗೆ. ಅರ್ಧಕ್ಕೆ ನಿಲ್ಲಿಸುವುದಿಲ್ಲ. ತುದಿಯನ್ನು ಇಳಿಜಾರಾಗಿ ಕತ್ತರಿಸಿ, ವೆಲ್ಡನ್ನು ಸುತ್ತು ತಂದು ಮುಗಿಸುತ್ತೇನೆ. ಚೂಪು ಬಿಟ್ಟರೆ ಬೋಟಿನಲ್ಲಿ ಅಲ್ಲಿಂದಲೇ ತುಕ್ಕು ಶುರು. ನಿಮ್ಮ ಕಂಪ್ಯೂಟರಿನಲ್ಲಿ ಪ್ಲೇಟ್ ಯಾವಾಗಲೂ 6 ಎಂಎಂ. ನಮ್ಮಲ್ಲಿ ಉಪ್ಪು ಗಾಳಿಗೆ ನಾಲ್ಕು ಮಳೆಗಾಲ ಕಳೆದರೆ 6 ಇದ್ದದ್ದು 5 ಆಗಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸುರತ್ಕಲ್ ನಿವೃತ್ತ ಮಾಸ್ಟ್ರು:

ಇವರು ಹೇಳಿದ ರಿಬ್ಬನ್ನೇ ಮಾಡೆಲಿನಲ್ಲಿ ಹಾಕಿ ನೋಡಿ. 48ರ ಹತ್ತಿರ ಮಾತ್ರ ನಿಲ್ಲಿಸಬೇಡಿ. ಅದು 24ರ ಎರಡು ಪಟ್ಟು. ಪುಲ್ಲಿಗಳು ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಆ ಲೆಕ್ಕದಲ್ಲೂ ನಡುಕ ಬರುತ್ತದೆ. 60 ದಾಟಿಸಿ.

ನಿಟ್ಟೆ ಹಾಸ್ಟೆಲ್:

ಸರ್, ನನಗೆ ಒಂದು ಸಂಶಯ. ಕೆಲಸ ಸಿಗಬೇಕಾದರೆ ಯಾವ ಸಾಫ್ಟ್‌ವೇರ್ ಕಲಿಯಬೇಕು? ಎಲ್ಲರೂ ಹೈಪರ್‌ಮೆಷ್ ಅನ್ನುತ್ತಾರೆ.

ಅಂಬಲಪಾಡಿ ಅನಾಲಿಸ್ಟ್:

ಬೆಂಗಳೂರು, ಪುಣೆಯ ವಾಹನ ಕಂಪನಿಗಳಿಗಾದರೆ ಹೌದು, ಹೈಪರ್‌ಮೆಷ್ ಕೇಳುತ್ತಾರೆ. ಆದರೆ ಸಂದರ್ಶನದಲ್ಲಿ ನಾನು ಯಾವತ್ತೂ ಬಟನ್ ಎಲ್ಲಿದೆ ಅಂತ ಕೇಳಿಲ್ಲ. ಒಂದು ಕ್ಯಾಂಟಿಲಿವರ್ (ಒಂದು ತುದಿ ಮಾತ್ರ ಹಿಡಿದ ತೊಲೆ) ಬಿಡಿಸಿ ತುದಿ ಎಷ್ಟು ಇಳಿಯುತ್ತದೆ ಅಂತ ಕೇಳುತ್ತೇನೆ. ಅರ್ಧಕ್ಕರ್ಧ ಜನ ಅಲ್ಲೇ ನಿಲ್ಲುತ್ತಾರೆ. ಈ 22 ಟನ್ನಿನ ಕಥೆಯನ್ನು ನಿನ್ನದೇ ತಪ್ಪು ಅಂತ ಹೇಳಿ, ಹೇಗೆ ಪತ್ತೆ ಮಾಡಿದೆ ಅಂತ ವಿವರಿಸಿದರೆ ನಾನಾದರೆ ಮುಂದಿನ ರೌಂಡಿಗೆ ಕಳಿಸುತ್ತೇನೆ.

ಬೈಕಂಪಾಡಿ ಶೆಡ್ (ಎರಡು ವಾರದ ನಂತರ):

ಎರಡು ರಿಬ್, ಪೂರ್ತಿ ಉದ್ದ. ಅದರ ಜೊತೆ ಬೆಡ್ ಕೂರುವ ಕಡೆ ಫ್ರೇಮಿಗೆ ಒಂದು ಅಡ್ಡ ಆಂಗಲ್. ರಿಬ್ ಮಾತ್ರ ಹಾಕಿದಾಗ ಕಂಪ್ಯೂಟರ್ 45 ಅಂದಿತ್ತು, ಆಂಗಲ್ ಸೇರಿಸಿದಾಗ 66. ಅಡ್ಡ ಆಂಗಲ್ ನಮ್ಮ ಯಾರ ತಲೆಗೂ ಬಂದಿರಲಿಲ್ಲ. ಬಗ್ಗುತ್ತಿರುವುದು ಫ್ರೇಮ್ ಅಂತ ಮಾಡೆಲ್ ಅಲುಗಾಡುವ ಚಿತ್ರದಲ್ಲಿ ಕಂಡದ್ದು. ಒಂದು ಮಿಷನ್ ಮಾಡಿ ಡಯಲ್ ಗೇಜ್ ಇಟ್ಟೆ. 0.06 ಇಳಿಯಿತು. ಲೆಕ್ಕಕ್ಕೆ 64. ಫೋನಿನಲ್ಲಿ ತಟ್ಟಿದರೂ 63, 64. ಉಕ್ಕು ಜಾಸ್ತಿ ಆದದ್ದು ಎರಡು ಕೆಜಿಗಿಂತ ಕಡಿಮೆ. 8 ಎಂಎಂ ಬೆಡ್ ಹಾಕಿದ್ದರೆ ಇದಕ್ಕಿಂತ ಜಾಸ್ತಿ ಬೇಕಾಗುತ್ತಿತ್ತು.

ಡೀಲರಿಗೆ ಈಗ ಬೇಡ ಅಂತ ಹೇಳಿದೆ. ಅವರು ಡಿಸ್ಕೌಂಟ್ ಕೊಡುತ್ತೇನೆ ಅಂತ ಎರಡು ಸಲ ಫೋನ್ ಮಾಡಿದರು. ಸುಲಿಯುವ ರೋಲರಿನ ರಬ್ಬರ್ ಬೇಗ ಹರಿಯುತ್ತದೆ, ಅದು ಇನ್ನೊಂದು ತಲೆನೋವು. ಅಂಬಲಪಾಡಿಯವರೇ, ರಬ್ಬರಿಗೆ ಅಬಾಕಸ್ ಅಂತ ನೀವೇ ಹೇಳಿದ್ದು. ಅದನ್ನು ಹೊರಗೆ ಕೊಟ್ಟು ಮಾಡಿಸುವುದು ಅಂತ ಯೋಚನೆ.

ಅಂಬಲಪಾಡಿ ಅನಾಲಿಸ್ಟ್:

ಕೊಡುವ ಮೊದಲು ಆ ರಬ್ಬರಿನ ತುಂಡನ್ನು ಎಳೆದು ನೋಡಿದ ಟೆಸ್ಟ್ ರಿಪೋರ್ಟ್ ಸಪ್ಲೈಯರ್ ಹತ್ತಿರ ಕೇಳಿ. ಅದಿಲ್ಲದೆ ಅಬಾಕಸ್‌ಗೂ ಏನೂ ಮಾಡಲಾಗುವುದಿಲ್ಲ. ಮತ್ತೆ, ಹಳೆಯ 34 ಮಿಷನ್ ಇನ್ನೂ ತೋಟಗಳಲ್ಲಿ ಇವೆಯಲ್ಲ?

ಬೈಕಂಪಾಡಿ ಶೆಡ್:

ಉಂಟು. ಭಾನುವಾರದಿಂದ ಒಂದೊಂದೇ ಕಡೆ ಹೋಗಿ ಅಡ್ಡ ಆಂಗಲ್ ಹಾಕಿ ಬರುವುದು. ಅಳಿಯ ಫೋನ್ ಹಿಡಿದುಕೊಂಡು ಬರುತ್ತಾನೆ, ನಾನು ವೆಲ್ಡಿಂಗ್ ಸೆಟ್ ತರುತ್ತೇನೆ. ಮೊದಲು ವಿಟ್ಲ.

ಸುರತ್ಕಲ್ ನಿವೃತ್ತ ಮಾಸ್ಟ್ರು:

ಹಾಕುವ ಮೊದಲೂ ತಟ್ಟಿ ಬರೆದುಕೊಳ್ಳಿ, ಹಾಕಿದ ಮೇಲೂ. 34ರ ಪಟ್ಟಿ ಇಲ್ಲಿ ಹಾಕಿ. ಬಿರುಕು ಬಾರದವು 30ರ ಮೇಲಿದ್ದವಾ ಅಂತ ನನಗೆ ನೋಡಬೇಕು.